ನಾಟಕವನ್ನು ಊರಿಗೆ ಕರೆಯುವವರು

ನಾವು ವಾಸವಾಗಿರುವ ಬಡಾವಣೆಗೆ ವಿನೋಬನಗರವೆಂದು ಹೆಸರು. 1951ನೆಯ ಇಸವಿಯಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ಭೂದಾನದ ಮೊದಲ ದಾನವನ್ನು ಸ್ವೀಕರಿಸಿ, ಮುಂದೆ ವರ್ಷಾನುಗಟ್ಟಲೆ ಕಾಲ್ನಡಿಗೆಯಲ್ಲಿಯೇ ದೇಶವನ್ನು ಸುತ್ತಿದ ಆಚಾರ್ಯ ವಿನೋಬಾ ಭಾವೆಯವರ ಹೆಸರು ಅದು. ಎಲ್ಲಿಯೂ ನೆಲೆನಿಲ್ಲದೆ ತಿರುಗಿದ ಮಹನೀಯರ ಹೆಸರನ್ನು, ಒಂದೇ ಕಡೆ ನೆಲೆನಿಂತು ಮನೆ ಕಟ್ಟಿಕೊಂಡಿರುವ ನಾವು ನಮ್ಮ ವಿಳಾಸದಲ್ಲಿ ದಿನವೂ ಬರೆಯುತ್ತಿದ್ದೇವೆ. ವಿನೋಬರು ನಡೆದರೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅವರು ನಡೆದು ಹೋದ ಊರುಗಳಲ್ಲಿ ಆ ರಾತ್ರಿಯ ಎಡೆಯನ್ನೂ ಅನ್ನವನ್ನೂ ಒದಗಿಸಿದವರು ಯಾರೆಂದು ಕೇಳಿದರೆ ಹೇಳಬಲ್ಲವರು ವಿರಳ. ತಿರುಗುವವನ ಕೀರ್ತಿ ಚರಿತ್ರೆಯಲ್ಲಿ ಉಳಿಯುತ್ತದೆ. ಅವನನ್ನು ಕರೆದು ಉಣ್ಣಿಸಿದವರ ಲೆಕ್ಕ ಉಳಿಯುವುದಿಲ್ಲ.

ಇಂದು ನಾವು ಹೇಳಬೇಕೆಂದಿರುವುದು ತಿರುಗುವ ನಾಟಕಗಳ ವಿಚಾರ. ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ನಾಟಕಕಾರರನ್ನೂ ನಟರನ್ನೂ ಮುಂದಿಟ್ಟುಕೊಂಡು ಬರೆದಿದ್ದಾರೆ. ಅದು ಯುಕ್ತವಾದುದೇ. ಆದರೆ ಅದೇ ಚರಿತ್ರೆಯನ್ನು ಇನ್ನೊಂದು ಬಾಗಿಲಿನಿಂದಲೂ ಪ್ರವೇಶಿಸಬಹುದು. ನಾಟಕವು ಒಂದು ಊರಿಗೆ ಬಂದಿತೆಂದರೆ, ಅದನ್ನು ಕರೆದವರು ಯಾರು? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಹೊರಟರೆ ನಮ್ಮ ನಾಡಿನ ರಂಗಭೂಮಿಯು ಮೂರು ಬಗೆಯಾಗಿ ತಿರುಗಿರುವುದು ಕಂಡುಬರುತ್ತದೆ. ಮೂರನೆಯ ಬಗೆಯು ನಮ್ಮ ಶಿವಮೊಗ್ಗೆಯ ಜಿಲ್ಲೆಯಲ್ಲಿಯೇ ಹುಟ್ಟಿತೆಂಬುದು ನಮಗೆ ಹೆಮ್ಮೆಯ ವಿಷಯ. ಜೊತೆಗೆ ಅದು ನಮ್ಮ ಮೇಲಿರುವ ಒಂದು ಋಣವೂ ಹೌದು.

ಮೊದಲನೆಯ ಬಗೆಯು ಯಕ್ಷಗಾನದ ಮೇಳಗಳದು. ಘಟ್ಟದ ಕೆಳಗಿನ ಕರಾವಳಿಯಲ್ಲಿ ಮಳೆಗಾಲ ಕಳೆದು ದೀಪಾವಳಿಯು ಮುಗಿದ ಮೇಲೆ ಮೇಳಗಳು ಗೆಜ್ಜೆ ಕಟ್ಟುತ್ತವೆ. ಅಲ್ಲಿಂದ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯವರೆಗೆ ಊರಿಂದೂರಿಗೆ ಸಂಚರಿಸಿ, ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತವೆ. ಈ ಆರೇಳು ತಿಂಗಳ ಸಂಚಾರಕ್ಕೆ ‘ತಿರುಗಾಟ’ವೆಂದು ಹೆಸರು. ಕಟೀಲು, ಮಂದಾರ್ತಿ ಮೊದಲಾದ ದೇವಸ್ಥಾನಗಳ ಮೇಳಗಳನ್ನು ಕರೆಯುವವನು ಹರಕೆ ಹೊತ್ತ ಭಕ್ತ. ಮಗುವಿಗೆ ಕಾಯಿಲೆ ಗುಣವಾಯಿತು, ವ್ಯಾಜ್ಯವು ಗೆದ್ದಿತು, ಮದುವೆಯಾಯಿತು ಎಂದು ದೇವಿಗೆ ಒಂದು ಆಟವನ್ನು ಒಪ್ಪಿಸುತ್ತಾನೆ. ಖರ್ಚು ಅವನದು, ನೋಟ ಊರಿನದು. ಗದ್ದೆಯ ಬಯಲಿನಲ್ಲಿ ಕುಳಿತು ನೋಡುವವನು ಕಾಸು ಕೊಡಬೇಕಾದುದಿಲ್ಲ. ಹರಕೆಯ ಆಟಗಳ ಸರದಿಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಇಲ್ಲಿ ಕಲೆಯನ್ನು ಊರಿಗೆ ಕರೆತಂದುದು ಭಕ್ತಿ.

ಎರಡನೆಯ ಬಗೆಯು ವೃತ್ತಿ ನಾಟಕ ಕಂಪನಿಗಳದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರಾಠಿ ಮಂಡಳಿಗಳು ಉತ್ತರ ಕರ್ಣಾಟಕದ ಪಟ್ಟಣಗಳಲ್ಲಿಯೂ, ಪಾರ್ಸಿ ಕಂಪನಿಗಳು ಮೈಸೂರು ಸೀಮೆಯಲ್ಲಿಯೂ ಜನರ ಮನಸ್ಸನ್ನು ಸೂರೆಗೊಂಡಿದ್ದುವು. ಕನ್ನಡದ ಊರಿನಲ್ಲಿ ಕನ್ನಡದ ನಾಟಕವಿಲ್ಲವೆಂಬ ಕೊರಗಿನಿಂದಲೇ ಗದಗಿನಲ್ಲಿ ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಇತ್ತ ಮೈಸೂರಿನಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆಯು ಏರ್ಪಟ್ಟು, ಅದಕ್ಕಾಗಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿ ಅಭಿನವ ಕಾಳಿದಾಸರೆನಿಸಿಕೊಂಡರು. 1884ರಲ್ಲಿ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿತು. ಬಾಲನಟರಾಗಿ ಅದರೊಳಗೆ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ ನಾಡಿಗೆಲ್ಲ ಗುಬ್ಬಿ ವೀರಣ್ಣನವರಾದರು. 1934ರಲ್ಲಿ ಅವರು ರಂಗಕ್ಕೆ ತಂದ ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳೇ ಪ್ರೇಕ್ಷಕರ ಮುಂದೆ ಬಂದು ನಿಂತುವೆಂಬ ಮಾತನ್ನು ನಮ್ಮ ತಂದೆಯ ಕಾಲದವರು ಹೇಳಿ ದಣಿಯುತ್ತಿರಲಿಲ್ಲ.

ಕಂಪನಿಯನ್ನು ಊರಿಗೆ ಯಾರೂ ಕರೆಯಬೇಕಾದುದಿರಲಿಲ್ಲ. ಅದು ತಾನಾಗಿಯೇ ಬರುತ್ತಿತ್ತು. ಬಯಲಿನಲ್ಲಿ ತಗಡಿನ ಥಿಯೇಟರನ್ನು ಎಬ್ಬಿಸಿ, ಹ್ಯಾಂಡುಬಿಲ್ಲುಗಳನ್ನು ಹಂಚಿ, ಕುರ್ಚಿ ಬೆಂಚು ನೆಲಗಳಿಗೆ ಬೇರೆ ಬೇರೆ ದರವನ್ನು ಗೊತ್ತುಮಾಡಿ, ವಸೂಲು ಇರುವವರೆಗೆ ಕ್ಯಾಂಪು ನಡೆಸುತ್ತಿತ್ತು. ವಸೂಲು ಇಳಿಯಿತೆಂದರೆ ಹೊಸ ನಾಟಕ. ಆಗಲೂ ಏರದಿದ್ದರೆ ಪರದೆಗಳನ್ನು ಸುತ್ತಿ ಮುಂದಿನ ಊರು. ಗಾಡಿಗಟ್ಟಲೆ ಸಾಮಾನು, ಹತ್ತಾರು ಸಂಸಾರ, ಅಡುಗೆಯವರು, ಪರದೆ ಬರೆಯುವವರು, ಕಾಲುಪೆಟ್ಟಿಗೆಯವರು, ಇಷ್ಟೆಲ್ಲವನ್ನೂ ಹೊತ್ತು ಸಾಗುವ ಒಂದು ಸಣ್ಣ ಊರೇ ಅದಾಗಿತ್ತು. ಇಂತಹ ಊರನ್ನು ಸಾಕಬೇಕಾದರೆ ದೊಡ್ಡ ಪಟ್ಟಣವೂ ಬೇಕು, ದೊಡ್ಡ ಸಂತೆಯೂ ಬೇಕು. ಆದುದರಿಂದ ಕಂಪನಿಯು ರೈಲಿನ ಹಳಿಯನ್ನೂ ಜಾತ್ರೆಯ ಪಂಚಾಂಗವನ್ನೂ ಹಿಡಿದು ನಡೆಯಿತು. ಕಾಡಿನ ನಡುವೆ ನಾಲ್ಕು ಮನೆ, ಗುಡ್ಡದಾಚೆ ಮತ್ತೆ ನಾಲ್ಕು ಮನೆ ಎಂಬಂತಿರುವ ಮಲೆನಾಡಿನ ಹಳ್ಳಿಗೆ ಅದು ಬರುವಂತಿರಲಿಲ್ಲ. ಬಂದರೂ ನಮ್ಮ ಮಳೆಯು ಅದನ್ನು ಉಳಿಸುತ್ತಿರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲ್ಪಟ್ಟು ಸುರಿಯುವ ಮಳೆಗೆ ಯಾವ ತಗಡಿನ ಥಿಯೇಟರು ತಡೆದೀತು? ಇಲ್ಲಿ ಕಲೆಯನ್ನು ಊರಿಗೆ ತಂದುದು ವ್ಯಾಪಾರ. ವ್ಯಾಪಾರವೆಂದು ನಾವು ಹೀನಾಯವಾಗಿ ಹೇಳುತ್ತಿಲ್ಲ. ಸಾವಿರಾರು ಜನರಿಗೆ ಅನ್ನವಿತ್ತ ವ್ಯಾಪಾರ ಅದು. ಆದರೆ ವಾಕ್ಚಿತ್ರ ಬಂದು ಗಿರಾಕಿಗಳು ಅತ್ತ ತಿರುಗಿದಾಗ ಅಂಗಡಿಯನ್ನು ಮುಚ್ಚದೆ ಬೇರೆ ಉಪಾಯವಿರಲಿಲ್ಲ. ಒಂದೊಂದಾಗಿ ಕಂಪನಿಗಳು ಮುಚ್ಚಿದುವು. ಅವನ್ನು ತಡೆದು ನಿಲ್ಲಿಸಿಕೊಳ್ಳಬೇಕೆಂದು ಯಾವ ಊರಿಗೂ ಅನ್ನಿಸಲಿಲ್ಲ. ಏಕೆಂದರೆ ಯಾವ ಊರೂ ಅವನ್ನು ಕರೆದಿರಲಿಲ್ಲ.

ಇನ್ನು ಮೂರನೆಯ ಬಗೆ. ಶಿವಮೊಗ್ಗೆಯಿಂದ ಎಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಸಾಗರ. ಸಾಗರದಿಂದ ಅಡಕೆಯ ತೋಟಗಳ ನಡುವೆ ಇನ್ನಷ್ಟು ಮುಂದೆ ಹೋದರೆ ಹೆಗ್ಗೋಡು. 1949ರಲ್ಲಿ ಆ ಹಳ್ಳಿಯವರು ಸೇರಿ ಊರ ದೇವರ ಹೆಸರಿನಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವೆಂಬ ಹವ್ಯಾಸಿ ಸಂಘವನ್ನು ಕಟ್ಟಿದರು. ಉದ್ದ ಹೆಸರಿನ ಮೊದಲಕ್ಷರಗಳು ಕೂಡಿ ‘ನೀನಾಸಮ್’ ಆಯಿತು. ಅಡಕೆಯ ಕೃಷಿಕರ ಮನೆತನದ ಕೆ. ವಿ. ಸುಬ್ಬಣ್ಣನವರು ಆಗ ಹದಿನೇಳು ವರ್ಷದ ತರುಣರು. ಅವರು ಮೈಸೂರಿಗೆ ಹೋಗಿ ಕುವೆಂಪು ಅವರ ಶಿಷ್ಯರಾಗಿ ಓದಿದರು. ಓದಿದವರು ಪಟ್ಟಣದಲ್ಲಿಯೇ ಉಳಿಯುವುದು ಆ ಕಾಲದ ವಾಡಿಕೆ. ಈ ಕಾಲದ್ದೂ ಅದೇ. ಸುಬ್ಬಣ್ಣನವರು ಹಿಂದಿರುಗಿ ಬಂದು ತೋಟವನ್ನೂ ಸಂಘವನ್ನೂ ಒಟ್ಟಿಗೆ ನೋಡಿಕೊಂಡರು.

ಆ ಬಳಿಕ ನಡೆದುದನ್ನು ಇಸವಿಗಳಲ್ಲಿ ಹೇಳಿದರೆ ಸಾಕು. 1972ರಲ್ಲಿ ಹೆಗ್ಗೋಡಿನಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವಾಯಿತು. 1973ರಲ್ಲಿ ಚಲಚ್ಚಿತ್ರಗಳನ್ನು ನೋಡಿ ಚರ್ಚಿಸುವ ಚಿತ್ರಸಮಾಜವು ಆರಂಭವಾಯಿತು. 1980ರಲ್ಲಿ ನಟನೆಯನ್ನೂ ರಂಗವಿದ್ಯೆಯನ್ನೂ ಕ್ರಮವಾಗಿ ಕಲಿಸುವ ರಂಗಶಿಕ್ಷಣ ಕೇಂದ್ರವನ್ನು ತೆರೆದರು. 1983ರಿಂದ ಎರಡು ವರ್ಷ ‘ಜನಸ್ಪಂದನ’ವೆಂಬ ಯೋಜನೆಯಲ್ಲಿ ಹಳ್ಳಿ ಹಳ್ಳಿಗೂ ನಾಟಕ ಶಿಬಿರಗಳನ್ನೂ ಒಳ್ಳೆಯ ಚಿತ್ರಗಳನ್ನೂ ಒಯ್ದರು. 1985ರಲ್ಲಿ ಸಂಚಾರದ ತಂಡವೊಂದನ್ನು ಕಟ್ಟಿದರು. ಆ ತಂಡಕ್ಕೆ ಇಟ್ಟ ಹೆಸರು ಮೇಳಗಳವರಿಂದ ಪಡೆದ ಹಳೆಯ ಮಾತು: ‘ತಿರುಗಾಟ’. ಈ ಕಾರ್ಯಗಳಿಗಾಗಿ 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಿತು. 2005ರಲ್ಲಿ ಅವರು ತೀರಿಕೊಂಡರು. ತಿರುಗಾಟವು ನಿಲ್ಲಲಿಲ್ಲ.

ತಿರುಗಾಟದ ಒಂದು ವರ್ಷವು ಹೇಗೆ ಸಾಗುತ್ತದೆಂಬುದನ್ನು ಸ್ವಲ್ಪ ವಿವರಿಸೋಣ. ಅದರ ಪಂಚಾಂಗವನ್ನು ಬರೆದದ್ದು ಮಳೆ. ಜುಲೈಯಿಂದ ಸಪ್ಟೆಂಬರಿನವರೆಗೆ ಹೊರಗೆ ಮಳೆ ಹಿಡಿದಿರುವಾಗ ಒಳಗೆ ನಾಟಕಗಳ ತಾಲೀಮು ನಡೆಯುತ್ತದೆ. ನಟನಟಿಯರಲ್ಲಿ ಬಹುಮಂದಿ ರಂಗಶಿಕ್ಷಣವನ್ನು ಪಡೆದು ಹೊರಬಂದ ತರುಣರು. ಅಕ್ಟೋಬರಿನಲ್ಲಿ ಹೆಗ್ಗೋಡಿನ ಸಂಸ್ಕೃತಿ ಶಿಬಿರಕ್ಕೆ ನಾಡಿನ ನಾನಾ ಕಡೆಗಳಿಂದ ಬಂದವರ ಮುಂದೆ ಆ ವರ್ಷದ ನಾಟಕಗಳ ಮೊದಲ ಪ್ರಯೋಗ. ಅಲ್ಲಿ ಮೆಚ್ಚುಗೆಯೂ ಉಂಟು, ಮುಖಕ್ಕೆ ಹೇಳುವ ಟೀಕೆಯೂ ಉಂಟು. ಅದಾದ ಮೇಲೆ ತಂಡವು ತನ್ನ ವಾಹನವನ್ನೇರಿ ಹೊರಡುತ್ತದೆ. ಮುಂದಿನ ನಾಲ್ಕೈದು ತಿಂಗಳಲ್ಲಿ ನೂರಕ್ಕೂ ಮೇಲ್ಪಟ್ಟು ಪ್ರದರ್ಶನಗಳು. ಒಂದು ಊರಿಗೆ ಹಗಲಿನಲ್ಲಿ ಬಂದು, ನಟರೇ ಸಾಮಾನು ಇಳಿಸಿ, ರಂಗ ಕಟ್ಟಿ, ದೀಪ ತೂಗುಹಾಕಿ, ಸಂಜೆ ಬಣ್ಣ ಹಚ್ಚಿಕೊಳ್ಳುತ್ತಾರೆ. ನಾಟಕ ಮುಗಿದ ಮೇಲೆ ರಾಜನ ವೇಷದವನೇ ಕಿರೀಟವನ್ನು ತೆಗೆದಿಟ್ಟು ಹಗ್ಗ ಸುತ್ತುತ್ತಾನೆ. ಕಂಪನಿಯಲ್ಲಿ ಹತ್ತು ಜನ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಬ್ಬನೇ ಹತ್ತು ಬಗೆಯಲ್ಲಿ ಮಾಡುವುದರಿಂದಲೇ ಈ ಸಂಚಾರವು ಸಾಧ್ಯವಾಗಿದೆ.

ನಾಟಕಗಳ ಆಯ್ಕೆಯನ್ನೂ ಗಮನಿಸತಕ್ಕದ್ದು. 2019ರ ತಿರುಗಾಟದಲ್ಲಿ ಗಿರೀಶ ಕಾರ್ನಾಡರ ‘ರಾಕ್ಷಸ-ತಂಗಡಿ’ಯಿತ್ತು. 1565ರಲ್ಲಿ ವಿಜಯನಗರದ ಸಾಮ್ರಾಜ್ಯವನ್ನು ಮುರಿದ ಯುದ್ಧವನ್ನು ಕುರಿತ ನಾಟಕವದು. ಅದನ್ನು ಬರೆದ ಕಾರ್ನಾಡರು ಅದೇ ವರ್ಷದ ಜೂನ್ ತಿಂಗಳಲ್ಲಿ ಕಾಲವಾಗಿದ್ದರು. 2023ರಲ್ಲಿ ಚಂದ್ರಶೇಖರ ಕಂಬಾರರ ‘ಹುಲಿಯ ನೆರಳು’ ನಾಟಕದ ಜೊತೆಯಲ್ಲಿ ದಕ್ಷಿಣ ಆಫ್ರಿಕದ ಲೂಯಿಸ್ ಎನ್ಕೋಸಿಯವರ ವರ್ಣಭೇದದ ನಾಟಕವು ‘ಆ ಲಯ ಈ ಲಯ’ ಎಂಬ ಹೆಸರಿನಲ್ಲಿ ಕನ್ನಡವಾಡಿತು. 2024ರಲ್ಲಿ ಎಂಟನೆಯ ಶತಮಾನದ ಭವಭೂತಿಯ ‘ಮಾಲತೀಮಾಧವ’ವೂ, ಮರಾಠಿಯ ಅಭಿರಾಮ ಭಡ್ಕಮ್ಕರ್ ಅವರ ನಾಟಕವು ಜಯಂತ ಕಾಯ್ಕಿಣಿಯವರ ಕನ್ನಡದಲ್ಲಿ ‘ಅಂಕದ ಪರದೆ’ಯಾಗಿಯೂ ಒಂದೇ ವಾಹನದಲ್ಲಿ ಊರೂರು ಸುತ್ತಿದುವು. ಸಂಸ್ಕೃತದ ಪ್ರಾಚೀನ ಪ್ರಕರಣವೊಂದನ್ನೂ ಜೋಹಾನ್ಸ್‌ಬರ್ಗಿನ ಬೀದಿಯ ಕ್ರೋಧವನ್ನೂ ಹೋಬಳಿಯ ಊರಿನ ಪ್ರೇಕ್ಷಕನು ಅರಗಿಸಿಕೊಳ್ಳಬಲ್ಲನೆಂಬ ವಿಶ್ವಾಸವು ಈ ಆಯ್ಕೆಯ ಹಿಂದೆ ಇದೆ. ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಮರಾಠಿ ನಾಟಕದ ಪ್ರವಾಹಕ್ಕೆ ಒಡ್ಡು ಕಟ್ಟಲೆಂದು ಶಾಂತಕವಿಗಳು ಲೇಖನಿ ಹಿಡಿದು ನೂರೈವತ್ತು ವರ್ಷವಾಗುವ ಹೊತ್ತಿಗೆ, ಮರಾಠಿಯ ನಾಟಕವು ಕನ್ನಡದ ಅತಿಥಿಯಾಗಿ ಕನ್ನಡದಲ್ಲಿಯೇ ಮಾತನಾಡುತ್ತ ಬಂದಿತು. ಸ್ವಂತ ಮನೆಯು ಭದ್ರವಾದ ಮೇಲೆ ನೆರೆಯವರನ್ನು ಊಟಕ್ಕೆ ಕರೆಯುವುದು ಸುಲಭವಲ್ಲವೆ?

ಈ ಮೂರು ಬಗೆಗಳೂ ಒಂದಕ್ಕೊಂದು ಸಂಬಂಧವಿಲ್ಲದ ದ್ವೀಪಗಳೆಂದು ತಿಳಿಯಬಾರದು. ಹೆಗ್ಗೋಡಿನ ರಂಗಮಂದಿರವು ಯಾರ ಹೆಸರನ್ನು ಹೊತ್ತಿದೆಯೋ ಆ ಶಿವರಾಮ ಕಾರಂತರು ಯಕ್ಷಗಾನದ ಶೋಧನೆಗೂ ಪುನರುಜ್ಜೀವನಕ್ಕೂ ಬಾಳಿನ ದೊಡ್ಡ ಭಾಗವನ್ನು ಕೊಟ್ಟವರು. ಇನ್ನೊಬ್ಬ ಕಾರಂತರು, ಬಿ. ವಿ. ಕಾರಂತರು, ಬಾಲ್ಯದಲ್ಲಿ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿಯನ್ನು ಸೇರಿದವರು. ಪು. ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’ವನ್ನು ನೀನಾಸಮ್ಮಿನವರಿಂದ ಆಡಿಸಿ ಅದರ ಸಂಗೀತವನ್ನು ಜನರ ಕಿವಿಯಲ್ಲಿ ನಿಲ್ಲಿಸಿದವರೂ ಅವರೇ, 1989ರಲ್ಲಿ ಮೈಸೂರಿನಲ್ಲಿ ಸರ್ಕಾರವು ರಂಗಾಯಣವನ್ನು ಸ್ಥಾಪಿಸಿದಾಗ ಅದರ ಮೊದಲ ನಿರ್ದೇಶಕರಾದವರೂ ಅವರೇ. ಮುಂದೆ ಧಾರವಾಡದಲ್ಲಿಯೂ ನಮ್ಮ ಶಿವಮೊಗ್ಗೆಯಲ್ಲಿಯೂ ಕಲಬುರಗಿಯಲ್ಲಿಯೂ ರಂಗಾಯಣಗಳಾದುವು. ಕಂಪನಿಯ ಕಸುಬು ಹೀಗೆ ಒಬ್ಬ ಮನುಷ್ಯನ ಕೊರಳಲ್ಲಿ ಕುಳಿತು ಹೊಸ ಕಾಲಕ್ಕೆ ದಾಟಿ ಬಂದಿತು.

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ತಿರುಗಾಟವನ್ನು ಊರಿಗೆ ಕರೆಯುವವರು ಯಾರು? ಹರಕೆಯ ಭಕ್ತನಲ್ಲ, ಲಾಭದ ಮಾಲಿಕನೂ ಅಲ್ಲ. ಊರಿನ ಒಂದು ಸಂಘ. ಅದರಲ್ಲಿ ಶಾಲೆಯ ಉಪಾಧ್ಯಾಯರೊಬ್ಬರು, ಬ್ಯಾಂಕಿನ ನೌಕರರೊಬ್ಬರು, ಔಷಧದ ಅಂಗಡಿಯವರೊಬ್ಬರು, ತೋಟದ ಗೃಹಸ್ಥರೊಬ್ಬರು, ಕಾಲೇಜು ಹುಡುಗರು ನಾಲ್ಕಾರು ಮಂದಿ. ತಂಡಕ್ಕೆ ಕೊಡಬೇಕಾದ ಹಣ, ರಂಗಸ್ಥಳ, ವಿದ್ಯುತ್ತು, ತಂಡದವರ ಊಟ, ಮಲಗುವ ಸ್ಥಳ, ಇವಿಷ್ಟಕ್ಕೂ ಅವರು ಹೊಣೆ. ಟಿಕೆಟ್ಟುಗಳನ್ನು ಮನೆಮನೆಗೆ ಒಯ್ದು ಮಾರುತ್ತಾರೆ. ಕಡಮೆ ಬಿದ್ದುದನ್ನು ತಮ್ಮ ಜೇಬಿನಿಂದ ತುಂಬುತ್ತಾರೆ. ತುಂಬಿದುದನ್ನು ಮನೆಯಲ್ಲಿ ಹೇಳುವುದಿಲ್ಲ. ವೃತ್ತಪತ್ರಿಕೆಯ ವಿಮರ್ಶೆಯಲ್ಲಿ ನಿರ್ದೇಶಕರ ಹೆಸರು ಬರುತ್ತದೆ, ನಟರ ಹೆಸರು ಬರುತ್ತದೆ, ಬೆಳಕು ಬಿಟ್ಟವರ ಹೆಸರೂ ಬರುತ್ತದೆ. ಅನ್ನ ಬಡಿಸಿದವರ ಹೆಸರು ಬರುವುದಿಲ್ಲ. ಆದರೆ ಇಂತಹ ಸಂಘಗಳು ಕೈಬಿಟ್ಟರೆ ಹೆಗ್ಗೋಡಿನಲ್ಲಿ ಎಷ್ಟು ಉತ್ತಮವಾದ ನಾಟಕವು ಸಿದ್ಧವಾದರೂ ಅದು ಹೆಗ್ಗೋಡಿನಲ್ಲಿಯೇ ಉಳಿಯಬೇಕಾಗುತ್ತದೆ. ತಿರುಗಾಟದ ಆಯುಸ್ಸು ಅದರ ಗಾಲಿಗಳಲ್ಲಿಲ್ಲ. ಅದು ನಿಲ್ಲುವ ಊರುಗಳಲ್ಲಿದೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ಸಂಚಾರದ ನಾಟಕವೊಂದನ್ನು ನೋಡಲು ಮಿತ್ರರೊಬ್ಬರೊಡನೆ ಹೋಗಿದ್ದೆವು. ಬಾಗಿಲಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದವನು ಹಿಂದೆ ನಮ್ಮ ತರಗತಿಯಲ್ಲಿ ಓದಿದ ಹುಡುಗ. ಕಾಲೇಜಿನ ಅಧ್ಯಾಪಕರಿಗೆ ಇಂತಹ ಕಡೆ ಪುಕ್ಕಟೆ ಪ್ರವೇಶವು ಸಹಜವೆಂಬ ಭಾವನೆ ನಮ್ಮಲ್ಲಿ ಎಂದು ಬೇರೂರಿತೋ ತಿಳಿಯದು.

“ಪಾಸು ಎರಡು ಇಟ್ಟಿದ್ದೀಯೇನಪ್ಪ?” ಎಂದು ಕೇಳಿದೆವು.

ಹುಡುಗನು ಎದ್ದು ನಿಂತು, ತಲೆ ತಗ್ಗಿಸಿ, “ಪಾಸು ಮಾಡಿಲ್ಲ ಮೇಷ್ಟ್ರೇ. ಟಿಕೆಟ್ಟು ಇದೆ,” ಎಂದನು. ಆಮೇಲೆ ಮೆಲ್ಲನೆ, “ಬೇಕಾದರೆ ನಿಮ್ಮದನ್ನು ನಾನೇ ಕೊಟ್ಟುಬಿಡುತ್ತೇನೆ,” ಎಂದೂ ಸೇರಿಸಿದನು.

ನಮಗಿಂತ ಮುಂದೆ ನಿಂತಿದ್ದ ರೈತ ದಂಪತಿಗಳು ಆಗಲೇ ದುಡ್ಡು ಎಣಿಸಿ ಕೊಟ್ಟು, ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಒಳಗೆ ಹೋಗಿದ್ದರು. ಹುಡುಗನ ಮಾತಿನಲ್ಲಿ ವ್ಯಂಗ್ಯವು ಲೇಶವೂ ಇರಲಿಲ್ಲ, ಗೌರವವೇ ಇತ್ತು. ಅದರಿಂದಲೇ ನಮಗೆ ಹೆಚ್ಚು ನಾಚಿಕೆಯಾಯಿತು. ಎರಡು ಟಿಕೆಟ್ಟುಗಳನ್ನು ಕೊಂಡು ಒಳಗೆ ಹೋದೆವು. ಅಂದಿನ ನಾಟಕವು ಯಾವುದೆಂಬುದನ್ನು ಸ್ವಲ್ಪ ಯೋಚಿಸಿ ನೆನಪಿಗೆ ತಂದುಕೊಳ್ಳಬೇಕು. ಆ ಹುಡುಗನ ಮುಖವು ಮಾತ್ರ ಯೋಚಿಸದೆಯೇ ಕಣ್ಣೆದುರಿಗೆ ಬರುತ್ತದೆ.

ಪಟ್ಟಣದ ವಿದ್ಯಾವಂತರಾದ ನಮಗೆ ಒಂದು ಭ್ರಮೆಯುಂಟು. ಸಂಸ್ಕೃತಿಯೆಂಬುದು ನಗರದಲ್ಲಿ ಹುಟ್ಟಿ, ನಗರದಲ್ಲಿ ಮಿಕ್ಕು, ಹಳ್ಳಿಗೆ ಹರಿದು ಹೋಗುತ್ತದೆಂದು ನಾವು ಎಣಿಸಿದ್ದೇವೆ. ನಮ್ಮ ಜಿಲ್ಲೆಯ ಚರಿತ್ರೆಯು ಇದನ್ನು ಅಲ್ಲಗಳೆಯುತ್ತದೆ. ತುಂಗೆಯು ಗಂಗಾಮೂಲದ ಕಾಡಿನಲ್ಲಿ ಹುಟ್ಟಿ ಶಿವಮೊಗ್ಗೆಗೆ ಇಳಿದು ಬರುವಂತೆ, ಈ ನಾಟಕಗಳೂ ಹಳ್ಳಿಯಲ್ಲಿ ಹುಟ್ಟಿ ಪಟ್ಟಣಕ್ಕೆ ಬಂದಿವೆ. ನದಿಯು ಬರುತ್ತದೆ, ಅಡ್ಡಿಯಿಲ್ಲದಿದ್ದರೆ ಕರೆಯದೆಯೂ ಬರುತ್ತದೆ. ನಾಟಕವು ಹಾಗಲ್ಲ. ಅದಕ್ಕೆ ಕರೆ ಬೇಕು. ಶಿವಮೊಗ್ಗೆಯಲ್ಲಿ ಕುವೆಂಪು ರಂಗಮಂದಿರವಿದೆ, ರಂಗಾಯಣವಿದೆ, ಉತ್ಸಾಹದ ಹವ್ಯಾಸಿ ತಂಡಗಳಿವೆ. ಕಟ್ಟಡಕ್ಕೂ ಕಲಾವಿದರಿಗೂ ಕೊರತೆಯಿಲ್ಲ. ಕೊರತೆಯಿರುವುದು ಮೇಜಿನ ಹಿಂದೆ ಕುಳಿತುಕೊಳ್ಳುವ ಕೈಗಳಿಗೆ. ಅಂಗೈಯಷ್ಟು ಗಾಜಿನ ಫಲಕದ ಮೇಲೆ ಜಗತ್ತಿನ ಚಿತ್ರಗಳೆಲ್ಲವೂ ಓಡುತ್ತಿರುವ ಈ ದಿನಗಳಲ್ಲಿ, ನೆರೆಮನೆಯವರ ಬಾಗಿಲನ್ನು ತಟ್ಟಿ, “ಬನ್ನಿ, ಶನಿವಾರ ನಾಟಕವಿದೆ, ಇಗೋ ಟಿಕೆಟ್ಟು,” ಎನ್ನುವುದಕ್ಕೆ ಸ್ವಲ್ಪ ಧೈರ್ಯವೇ ಬೇಕು. ಕಂಪನಿಗಳು ಮುಚ್ಚಿದ ಕಾಲದಲ್ಲಿ ಊರುಗಳು ಸುಮ್ಮನಿದ್ದುವೆಂದು ಮೇಲೆ ಹೇಳಿದೆವು. ಆಗಿನವರಿಗೆ ಒಂದು ಸಮಾಧಾನವಿತ್ತು: ಅದು ಪರರ ಅಂಗಡಿ. ನಮಗೆ ಆ ಸಮಾಧಾನವೂ ಇಲ್ಲ. ಈ ತಿರುಗಾಟವು ನಿಂತರೆ ನಿಲ್ಲಿಸಿದವರು ನಾವೇ ಆಗುತ್ತೇವೆ.

ಹೋದ ವರ್ಷ ನಮ್ಮ ಬೀದಿಯ ಐದಾರು ಮಂದಿ ಸೇರಿ ಟಿಕೆಟ್ಟಿನ ಪುಸ್ತಕವೊಂದನ್ನು ತೆಗೆದುಕೊಂಡೆವು. ಐವತ್ತು ಹಾಳೆಗಳ ಪುಸ್ತಕ. ಮೂವತ್ತೊಂದು ಹರಿದುವು. ಉಳಿದ ಹತ್ತೊಂಬತ್ತರ ಹಣವನ್ನು ನಾವೇ ಹಂಚಿಕೊಂಡು ತುಂಬಿದೆವು. ಪದ್ಧತಿಯಂತೆ ಮನೆಯಲ್ಲಿ ಹೇಳಲಿಲ್ಲ. ನಾಟಕದ ಸಂಜೆ ಬಾಗಿಲಿನ ಮೇಜಿನ ಬಳಿ ಕುಳಿತುಕೊಳ್ಳುವ ಸರದಿಯು ನಮಗೆ ಬಂದಿತು. ಬಂದವರೊಬ್ಬರು, ನಮ್ಮಂತೆಯೇ ಅಧ್ಯಾಪಕರು, ಮುಗುಳ್ನಕ್ಕು ಪಾಸು ಕೇಳಿದರು. ನಾವು ಎದ್ದು ನಿಂತು, ಬಹಳ ವಿನಯದಿಂದ, ಪಾಸು ಮಾಡಿಲ್ಲವೆಂದೂ ಟಿಕೆಟ್ಟು ಇದೆಯೆಂದೂ ಅರಿಕೆ ಮಾಡಿಕೊಂಡೆವು.